ಊಟಕ್ಕಿಂತ ಮೊದಲು, ಊಟ ಆದಮ್ಯಾಲ

ನಲವತ್ತೊಂದು ವರ್ಷ ಇದೇ ಮಾತು ಹೇಳೀನಿ:
ಇದು ಊಟಕ್ಕಿಂತ ಮೊದಲು, ಇದು ಊಟ ಆದಮ್ಯಾಲ,
ಇದು ಮಲಗುವಾಗ, ಹಾಲಿನ ಜೋಡಿ, ಹಾಲಿಲ್ಲಂದ್ರ ನೀರು.
ಓದಲಿಕ್ಕೆ ಬರದವರ ಪುಡಿಕಿ ಮ್ಯಾಲ
ಒಂದು ಸೂರ್ಯ, ಒಂದು ಅರ್ಧ ಸೂರ್ಯ, ಒಂದು ಚಂದ್ರ.
ಯಾದಗಿರಿ ಸ್ಟೇಷನ್ ರೋಡಿನ್ಯಾಗ
ಮಂದಿಗೆ ಹೊತ್ತು ಹಂಚಿದವ ನಾ,
ಸಾಯಬಣ್ಣ ಕಂಪೌಂಡರ್.

ಡಾಕ್ಟರ್ ವಾಸುದೇವರಾಯರು ಸಂಕ್ರಾಂತಿ ಮರುವಾರ ಹೋದರು.
ಮಗಳು ಹೈದರಾಬಾದಿನಿಂದ ಬಂದು, ಅತ್ತು,
ಸ್ಟೆತಸ್ಕೋಪು ನನ್ನ ಕೈಗಿಟ್ಟು ಶಟರ್ ಎಳೆದಳು.
ದವಾಖಾನಿ ಹೆಸರಲ್ಲೇ ಇತ್ತು
ನಂದೂ ರಾಚಮ್ಮಂದೂ ವಿಮೆ.
ಮಾರ್ಚ್ ಮೂವತ್ತೊಂದಕ್ಕ ಅದೂ ತೀರಿತು.
ಅದಕ್ಕ ದಿನಕರ್ಮ ಇಲ್ಲ, ಕಾಗೆಗೆ ಪಿಂಡ ಇಲ್ಲ.

ಪಿಎಫ್ ಅದಯೇನು ಅಂತ ಕೇಳಿದಳು ನಾಡಕಚೇರಿಯ ನುಸ್ರತ್.
ಇಲ್ಲವ್ವ. ಪಗಾರ ಲಕೋಟಿನ್ಯಾಗ ಬರ್ತಿತ್ತು,
ದೀಪಾವಳಿಗೆ ಧೋತ್ರ, ರಾಚಮ್ಮಗ ಇಳಕಲ್ ಸೀರಿ.
"ಹೋಗ್ಲಿ ಕಾಕಾ, ಅರವತ್ತೈದು ಯಾವಾಗ ತುಂಬತಾವ?"

ಆಧಾರ್ ಹೇಳ್ತದ: ಜನವರಿ ಒಂದು. ತುಂಬಿ ಹೋಗ್ಯಾವ.
ಸಾಲಿ ಸರ್ಟಿಫಿಕೇಟ್ ಹೇಳ್ತದ: ಜೂನ್ ಒಂದು. ಇನ್ನೂ ಇಲ್ಲ.
(ನಮ್ಮ ಮಾಸ್ತರ್ ಇಡೀ ಕ್ಲಾಸನ್ನ ಒಂದೇ ದಿನ ಹಡೆದಿದ್ದ.)
ಅವ್ವ ಹೇಳ್ತಿದ್ದಳು: ಎಳ್ಳಮಾಸಿ ಮರುದಿನ,
ಭಜ್ಜಿ ಪಲ್ಯ ಇನ್ನೂ ಹಳಸಿರಲಿಲ್ಲ,
ಸಜ್ಜಿರೊಟ್ಟಿ ಮುರೀತಿದ್ದೆ, ಬ್ಯಾನಿ ಬಂತು.
ಅವ್ವನ ಮಾತಿಗೆ ಸೀಲಿಲ್ಲ.

ನುಸ್ರತ್ ಒಳ್ಳೇ ಹುಡುಗಿ. ಕೂಸಿದ್ದಾಗ
ನಾನೇ ಆಕಿ ಮೂಗು ಹಿಡಿದು ಔಷಧ ಕುಡಿಸೀನಿ.
ಪೆನ್ನು ಗಲ್ಲಕ್ಕ ಒತ್ತಿ ಹೇಳಿದಳು:
ಎರಡು ಕಾಗದ ಜಗಳಾಡಿದರ
ಕಂಪ್ಯೂಟರ್ ಎರಡನ್ನೂ ಹೊರಗ ಹಾಕ್ತದ.
ಸಾಲಿದು ಬದಲಾಗಲ್ಲ. ಆಧಾರ್ ತಿದ್ದಿಸ್ರಿ.
ಜೂನ್ ಒಂದಕ್ಕಿಂತ ಒಂದು ದಿನ ಮೊದಲು ಬಂದರೂ
ಅರ್ಜಿ ತಗೊಳ್ಳಲ್ಲ.
ತಡ ಮಾಡಿ ಬರ್ರಿ, ತಗೋತದ,
ಆದರ ಹೋದ ತಿಂಗಳು ಹೋದಂಗೇ. ಹಿಂದಿಂದು ಕೊಡಲ್ಲ.

ನಗು ಬಂತು ನನಗ.
ಡೋಸು ತಪ್ಪಿದರ ಮರುದಿನ ಎರಡು ನುಂಗಬ್ಯಾಡ ಅಂತ
ಎಷ್ಟು ಮಂದಿಗೆ ಬೈದಿಲ್ಲ ನಾ!
ಹೆಬ್ಬೆಟ್ಟು ಒತ್ತಿದೆ, ಅರ್ಜಿ ಹಾಕಿದೆ.
ಐದು ತಿಂಗಳು ಸಣ್ಣವನಾಗಿ ಹೊರಗ ಬಂದೆ.

ಹೊರಗ ಏಪ್ರಿಲ್ಲಿನ ಬಿಸಿಲು,
ಕೋಟಿ ಕಲ್ಲು ಹೆಂಚಿನಂಗ ಕಾದಿತ್ತು.
ಆ ಕಡಿ ಡಾಕ್ಟರ್ ಹೋಗ್ಯಾರ, ಈ ಕಡಿ ಸರ್ಕಾರ ಬಂದಿಲ್ಲ.
ನಡುವಿನ ಸಂದಿನ್ಯಾಗ ಒಂದು ಎದಿ,
ಯಾವ ಕಾರ್ಡಿನ್ಯಾಗೂ ಇಲ್ಲದ್ದು,
ಹೊಡಕೊಳ್ಳಾಕತ್ತದ ತನ್ನ ಪಾಡಿಗೆ ತಾ.
ಮನಿಗೆ ಬಂದು ಬಿ.ಪಿ. ಗುಳಿಗಿ ಎಣಿಸಿದೆ.
ಮೂವತ್ತೊಂದು. ಅರ್ಧ ಮಾಡಿದರ ಅರವತ್ತೆರಡು.
ಬ್ಯಾರೆಯವರು ಹಿಂಗ ಮಾಡಿದ್ದರ
ಕಿವಿ ಹಿಂಡತಿದ್ದೆ.

"ನಾ ಯಾವಾಗ ನೆನಪು ಮಾಡಲಿ?" ಅಂದಳು ರಾಚಮ್ಮ.
ಆಕಿಗೆ ತಾರೀಖು ತಿಳಿಯಲ್ಲ, ಮಳಿ ತಿಳೀತಾವ.
ಮಿರಗ ಕೂಡೂಕಿಂತ ಒಂದು ವಾರ ಮೊದಲು ಅಂದೆ.
ನುಸ್ರತ್ ಕೊಟ್ಟ ಚೀಟಿ ಮ್ಯಾಲ ಒಂದು ಮೋಡ ಬರೆದೆ,
ಹನಿ ಬರೀಲಿಲ್ಲ. ಇನ್ನೂ ಬೀಳಬಾರದು ನೋಡ್ರಿ.
ಅನ್ನದ ಅಗಳು ತಿಕ್ಕಿ ಗ್ವಾಡಿಗೆ ಅಂಟಿಸಿದಳು.

"ಅಲ್ಲಿತನಕ?"
"ಅಲ್ಲಿತನಕ ನನಗೇನೂ ಆಗಬಾರದು."
"ಹಂಗಾದರ ಕೆಮ್ಮಬ್ಯಾಡ," ಅಂದಳು,
ವರ್ಷದ ಖಾರಕ್ಕ ಮೆಣಸಿನಕಾಯಿ ಹುರಕೋತ.
ಘಾಟು ಮನಿ ತುಂಬ.
ಟವೆಲ್ ಬಾಯಿಗೆ ಒತ್ತಿಕೊಂಡು
ಅಂಗಳಕ್ಕ ಓಡಿದೆ.