ಚಿಲ್ಲರ

ಮುನ್ನೂರು ಪ್ರತಿ ಅಚ್ಚಾಗಿ ಬಂದ್ವು,
ಮಂಚದ ಬುಡಕ ಒಟ್ಟಿದೆ.
ಇಪ್ಪತ್ತಾರು ವರ್ಷ ಮುಂಡರಗಿ ಗಾಡಿಯೊಳಗ ಟಿಕೀಟು ಹರದ ಕೈ,
ಇದನ್ನ ಮಾರೂದೇನು ಮಹಾ ಅಂದಕೊಂಡೆ.

ಬೆಟಗೇರ್‍ಯಾಗ ಅಂಬಾಸಾನ ನೂಲಿನಂಗಡಿ ಅಟ್ಟ,
ಐತವಾರ ಸಂಜಿಕ ಹನ್ನೆರಡು ಮಂದಿ,
ಓದಿದ್ದು ಹೇಳಾವ್ರು, ಕೇಳಾವ್ರು,
ನಡುವ ಒಂದು ತಾಟು ಮಿರ್ಚಿ.
ಹೋದ ದಿನಾನ ಚೀಲ ಬಿಚ್ಚಿದೆ. ಒಬ್ಬರೂ ಕೈ ಚಾಚಲಿಲ್ಲ.
ಮುಂದಿನ ವಾರ ಅಳಿಯ ಕಳಕಪ್ಪ ಎದ್ದು ನಿಂತು
"ಇಂಥಾ ಪುಸ್ತಕ ನಾ ಕಂಡಿಲ್ಲ" ಅಂತ
ಚೀಟಿ ನೋಡಿ ಓದಿದ.
ಚೀಟಿ ಹಳೇ ವೇಬಿಲ್ಲಿನ ಬೆನ್ನು.
ಅಕ್ಷರ ನನ್ನವು.

ಹುಸೇನಬಿ, ನೂಲು ಮುಟ್ಟಿ
ಬಣ್ಣ ಬಿಡತೈತೋ ಇಲ್ಲೋ ಹೇಳಾಕಿ,
ಚೀಟಿ ಇಸಕೊಂಡು, ಮಡಚಿ, ನನ್ನ ಅಂಗೈಯಾಗ ಇಟ್ಲು:
"ಕಾಶಕ್ಕ, ನಿನ್ನ ಚಿಲ್ಲರ."
ಯಾರೂ ನಗಲಿಲ್ಲ. ನಕ್ಕಿದ್ರ ಚೊಲೋ ಇತ್ತು.

ಗಾಡಿಯೊಳಗ ನಾ ಯಾರನ್ನೂ ಕೈ ಹಿಡದು ಜಗ್ಗಿದಾಕಿ ಅಲ್ಲ.
ಊರ ಹೆಸರು ಕೂಗತಿದ್ದೆ, ಡಂಬಳ, ಮುಂಡರಗಿ, ಅಷ್ಟ.
ಲಕ್ಕುಂಡಿಗೆ ಹೋಗಾಕಿ ಹತ್ತಿದ್ರ
"ಇದಲ್ಲವಾ, ಆ ಗಾಡಿ" ಅಂತ ಇಳಿಸಿದ್ದೂ ಐತಿ.

ಎಂಟು ತಿಂಗಳು ಬರೇ ಕೈಲೆ ಹೋದೆ.
ಮಂದಿ ಪುಸ್ತಕ ಮನಿಗೆ ಒಯ್ದು ಓದಿದೆ,
ತಿಳೀದಿದ್ರ ತಿಳೀಲಿಲ್ಲ ಅಂದೆ.
ಒಂದು ಕಾದಂಬರಿಗೆ ಅತ್ತದ್ದು ಹೇಳಿದ ಸಂಜಿ
ಮಿರ್ಚಿ ತಾಟು ನನ್ನ ಕಡೆ ಸರೀತು.
ನನ್ನ ಪುಸ್ತಕ ಮರತಿದ್ದೆ ಅಂದ್ರ ಸುಳ್ಳು.
ದಿನಾ ಕಸಾ ಹೊಡಿವಾಗ ಎಣಸತಿದ್ದೆ.

ಕಡೀಕ ಆಕಿನ ಕೇಳಿದ್ಲು:
"ನಿಂದೆಲ್ಲೈತಿ? ರೊಕ್ಕಕ್ಕ ಕೊಡು, ಪುಕ್ಕಟ ಬ್ಯಾಡ."
"ಹೊಗಳಬ್ಯಾಡ ಮತ್ತ."
"ನೀ ಹೇಳಿದ್ರ ನಾ ಹೊಗಳತೀನೇನ?"

ಮೂರು ವಾರಕ್ಕ ತಂದ್ಲು.
ನಲವತ್ತೊಂದನೇ ಪುಟದ ಮೂಲಿ ಮಡಚಿತ್ತು.
"ಈ ಮುದುಕಿನ್ನ ಲಗೂನ ಇಳಿಸೀದಿ ನೋಡು.
ಇಲ್ಲೇನೋ ಮುಚ್ಚಿಟ್ಟೀದಿ."

ಖರೇ.
ಆ ಮುದುಕಿಗೆ ನಾ ಎಂಟಾಣೆ ಕೊಡೂದಿತ್ತು.
ಕೊಡಲಿಲ್ಲ. ಸೀಟಿ ಊದಿದೆ.
ಧೂಳಿನ್ಯಾಗ ಆಕಿ ಕೈ ಚಾಚಿಕೊಂಡ ನಿಂತಿದ್ಲು.
ಅದನ್ನ ಪುಸ್ತಕದಾಗ ಬರದಿಲ್ಲ.
ಹನ್ನೆರಡು ಮಂದಿ ಮುಂದ ಹೇಳಿದೆ,
ಕೆಳಗ ಅಂಬಾಸಾ
ಅರ್ಧಾ ಎಳದ ಶಟರ್ ಹಂಗ ಹಿಡಕೊಂಡು ನಿಂತಿದ್ದ.