ಬೆನ್ನಿನ ಕಿಟಕಿ

ಸುಳ್ಳ್ಯಾಕ ಹೇಳಲಿ, ಅದು ಫ್ಯಾಷನ್ ಅಲ್ಲ,
ನನ್ನ ಕತ್ತರಿ ತಪ್ಪಿದ್ದು.
ಶಹಾಬಾದದಾಗ ಅವತ್ತು ಮೂರು ಸಲ ಕರೆಂಟ್ ಹೋಗಿತ್ತು.
ಬೆವರು ಕಣ್ಣಿಗಿಳಿದು, ಜಗದೇವಿ ಹೂಗಾರಳ
ಬದನೀಕಾಯಿ ಬಣ್ಣದ ಜಂಪರಿನ ಬೆನ್ನಿಗೆ
ಬೆರಳು ಹಾಯುವಷ್ಟು ಸೀಳು.

ಬಟ್ಟಿ ಮತ್ತೊಂದಿಲ್ಲ, ಮದುವಿ ನಾಳಿಗಿ.
ಸೀಳನ್ನೇ ನಾಕು ಮೂಲಿಗೆ ಎಳೆದು, ಅಂಚಿಗೆ ಪೈಪಿಂಗ್ ಕೊಟ್ಟು,
ಮ್ಯಾಲೊಂದು ಗೊಂಡೆ ಇಳಿಬಿಟ್ಟು ಹೇಳಿದೆ:
"ಹೊಸಾದು ಬಂದದ. ಕಿಟಕಿ ಅಂತಾರ."

ವಾಡಿಯ ಮಂಟಪದಾಗ ಆಕಿ ಬೆನ್ನು ತಿರುವಿ ನಿಂತ ಫೋಟೊ
ಸ್ಟೇಟಸ್ಸಿಗೆ ಏರಿತು.
ದೀಪ ಹಚ್ಚೂದರೊಳಗ ನೋಡಿದವರು ಅರವತ್ತೊಂದು ಮಂದಿ.

ಮೊದಲು ಬಂದಾಕಿ ಅಂಬಿಕಾ, ಜೀವದ ಗೆಳತಿ.
"ಸೇಮ್ ಟು ಸೇಮ್ ಬೇಕ್ರಿ ನಿಖತಕ್ಕ."
ಆಮ್ಯಾಲ ಅಂಬಿಕಾಳ ನಾದಿನಿ, ಚಿತ್ತಾಪುರದಿಂದ.
ಆಮ್ಯಾಲ ನಾದಿನಿಯ ಹಾಸ್ಟೆಲ್ ಗೆಳತಿ, ಸೇಡಂದಾಕಿ,
ನಾ ಮುಖ ನೋಡಿಲ್ಲ,
ಅಳತಿ ಜಂಪರ್ ಮಾತ್ರ ಬಸ್ ಕಂಡಕ್ಟರನ ಕೈಯಾಗ ಬಂತು.
ನನ್ನ ತಪ್ಪು ಟಿಕೆಟ್ ಇಲ್ಲದ ತಿರುಗಾಡ್ತಿತ್ತು.

ಕಸ್ತೂರಿ ಕಟ್ಟಿಮನಿ ಬಂದಿದ್ದು ಎಂಟನೇ ದಿನ.
ಜಗದೇವಿ ಜೋಡಿ ಒಂದೇ ಬೆಂಚಿನಾಗ ಕುಂತು ಓದಿದಾಕಿ.
ಯಾತಕ ಕೆಟ್ಟಿತೋ. ಚೀಟಿ ರೊಕ್ಕ ಅಂತಾರ ಕೆಲವರು,
ಹುಟ್ಟಿದ ದಿನಕ್ಕ ಗ್ರೂಪಿನಾಗ ಕೇಕಿನ ಚಿತ್ರ
ಹಾಕಲಿಲ್ಲ ಅಂತಾರ ಕೆಲವರು.
ಗ್ರೂಪು ಎರಡಾಯಿತು.
ಬ್ಲಾಕ್ ಮಾತ್ರ ಇಬ್ಬರೂ ಮಾಡಲಿಲ್ಲ.

"ಬೆನ್ನು ಪೂರಾ ಮುಚ್ಚಬೇಕು," ಅಂದ್ಳು ಕಸ್ತೂರಿ.
"ಕುತ್ತಿಗಿತನಕ ಕಾಲರ್. ತೋಳು ಮುಂಗೈತನಕ."
ಏಪ್ರಿಲ್ ತಿಂಗಳು.
ಹಾಸಿದ ಕಲ್ಲಿನ ಮ್ಯಾಲ ರೊಟ್ಟಿ ಬೇಯೋ ಬಿಸಿಲು.
ನಾ ಟೇಪು ಹಿಡಿದು ಸುಮ್ಮನಾದೆ.

ಆಕಿ ಹಿಂದ ಆಕಿ ಗ್ರೂಪಿನವರು,
ಎಲ್ಲಾರಿಗೂ ಕಾಲರ್, ಎಲ್ಲಾರಿಗೂ ಉದ್ದ ತೋಳು.
ಸಂಘದ ಲೆಕ್ಕದಾಗ ಕಸ್ತೂರಿ ಜೋಡಿ ಜಗಳಾಡಿದ ಶಕೀಲಾ
ಜಗದೇವಿ ಯಾರಂತ ಅರಿಯದಾಕಿ,
ಆಕಿನೂ ಬಂದು ಕಿಟಕಿ ಕೇಳಿದ್ಳು,
"ಒಳಗ ಜಾಳಿಗಿ ಹಚ್ಚು ಆಪಾ, ಅತ್ತಿ ನೋಡ್ತಾಳ."

ಕಲಬುರಗಿಯಾಗ ಇಂಜಿನಿಯರಿಂಗ್ ಓದೋ ನನ್ನ ಅಣ್ಣನ ಮಗ ಮುನೀರ್
ಚಾಕ್‌ಪೀಸಿಲೆ ನನ್ನ ಮೇಜಿನ ಮ್ಯಾಲ ಚುಕ್ಕಿ ಇಟ್ಟು ಗೀಟೆಳೆದ.
ಒಂದು ಗೀಟಿಗೆ ಕೂಡಿಸು, ಒಂದಕ್ಕ ಕಳೆ.
"ವೈರಿಯ ವೈರಿ ಗೆಳೆಯ ಫೂಫೀ, ಇದಕ್ಕ ಲೆಕ್ಕ ಅದ."
ನಾ ಅಂದೆ, ಹುಚ್ಚಪ್ಪ,
ಉಲ್ಟಾ ತೋಳು ಮತ್ತೊಮ್ಮಿ ತಿರುವಿದ್ರ ಸುಲ್ಟಾ,
ಇದನ್ನ ಕಲಿಯಾಕ ಕಾಲೇಜಿಗೆ ಫೀಸ್ ಕಟ್ಟಬೇಕಾ?
ಚುಕ್ಕಿ ಒರಸು, ಅಸ್ತರ್ ಹಾಸಬೇಕು.

ಆದ್ರ ಅವ ಹೋದಮ್ಯಾಲ ವಹಿ ತೆರೆದು ನೋಡಿದೆ.
ಗೆಳತ್ಯಾರ ಕಿಟಕಿ ಒಂದಕ್ಕಿಂತ ಒಂದು ಸಣ್ಣ:
ಅಂಬಿಕಾದು ಮೂರು ಇಂಚು, ನಾದಿನಿದು ಎರಡು,
ಸೇಡಂದಾಕಿದು ಗುಂಡಿಯಷ್ಟು.
ಹೌದು ಅನ್ನೂದು ದಾರಿಯಾಗ ಸವೀತದ.
ಬ್ಯಾಡ ಅನ್ನೂದು ಮಾತ್ರ
ಅಂಗಡಿಗೆ ಬಂದಾಗ ಹೆಂಗಿತ್ತೋ ಹಂಗೇ ಇತ್ತು,
ಕುತ್ತಿಗಿತನಕ.

ನಿನ್ನೆ ಶಟರ್ ಎಳೆಯೋ ಹೊತ್ತಿಗೆ ಜಗದೇವಿ ಬಂದ್ಳು,
ಹೊಸ ಜಂಪರ್ ಒಯ್ಯಾಕ. ರೊಕ್ಕ ಕೊಟ್ಟರೂ ಏಳವಲ್ಳು.
ಫೋನ್ ತಿರುವ್ಯಾಡಿ, ತಿರುವ್ಯಾಡಿ,
"ಐದು ದಿನ ಆತು. ನನ್ನ ಸ್ಟೇಟಸ್ ಆಕಿ ನೋಡವಲ್ಳು."
ಯಾಕಿ ಅಂತ ನಾ ಕೇಳಲಿಲ್ಲ.
"ಎಲ್ಲಾರ್ಕಿಂತ ಮೊದಲು ನೋಡಾಕಿ. ಎರಡು ನಿಮಿಷದಾಗ."
ತೊಂಬತ್ತು ಮಂದಿ ನೋಡ್ಯಾರ, ಅಂದೆ.
ತೊಂಬತ್ತು ಮಂದಿ ಅನ್ನೂದು
ಆಕಿ ಕಿವಿಗೆ ಬೀಳಲೇ ಇಲ್ಲ.

ಕಸ್ತೂರಿ ಫೋನ್ ಬಾವಿಕಟ್ಟಿ ಮ್ಯಾಲಿಂದ ಬಿದ್ದು ಗಾಜು ಒಡೆದದ,
ಸ್ಟೇಷನ್ ಮುಂದಿನ ಅಂಗಡಿಗೆ ಕೊಟ್ಟಾಳ,
ಸೋಮವಾರ ಬರ್ತದ.
ಹೇಳಬಾರದಿತ್ತೇನೋ, ಹೇಳಿಬಿಟ್ಟೆ.

ಜಗದೇವಿ ಉಸಿರು ಬಿಟ್ಟದ್ದು ನನಗ ಕೇಳಿಸ್ತು.
ಕನ್ನಡಿ ಮುಂದ ಬೆನ್ನು ತಿರುವಿ,
ಗೊಂಡೆ ಸರಿ ಮಾಡಿಕೊಂಡು,
ನಾ ಫೋಟೊ ತೆಗೆಯಾಕ ಕೈ ಚಾಚಿದ್ರ
"ತೆಗಿ ಅಕ್ಕ," ಅಂದ್ಳು,
"ಆದ್ರ ಇವತ್ತು ಹಾಕಾಂಗಿಲ್ಲ. ಸೋಮವಾರ ಹಾಕ್ತೀನಿ."