ಕೊನೆಗೆ ಆರಿದ ಜಾಗ

ಜೂನ್ ತಿಂಗಳು. ಮಲ್ಪೆಯ ದಕ್ಕೆಯಲ್ಲಿ
ಬೋಟಿಗೆ ಬೋಟು ಒರಗಿ ನಿದ್ದೆ.
ನನ್ನ ಮೇಜಿನ ತುಂಬ ಬಿಚ್ಚಿಟ್ಟ ಜಿಪಿಎಸ್ಸುಗಳು:
ಉಪ್ಪು ತಿಂದ ತಂತಿ, ಹಸಿರು ಕಿಲುಬು,
ಒಂದರೊಳಗೆ ಬಂಗುಡೆಯ ಹುರುಪೆ.

ತಗಡಿನ ಮಾಡಿನಡಿ ಉಪಗ್ರಹ ಸಿಗುವುದಿಲ್ಲ.
ಸರಿಮಾಡಿ ಗುಂಡಿ ಒತ್ತಿದರೆ ಪ್ರತಿ ಪೆಟ್ಟಿಗೆಯೂ
ತಾನು ಕೊನೆಗೆ ಆರಿದ ಜಾಗವನ್ನೇ ಹೇಳುತ್ತದೆ.
ಒಂದು ಭಟ್ಕಳದಾಚೆ, ಒಂದು ರತ್ನಗಿರಿಯ ಹೊರಗೆ,
ಪದ್ದು ತಿಂಗಳಾಯರದ್ದು ಮಾತ್ರ
ಹೆಸರಿಲ್ಲದ ನೀರಿನಲ್ಲಿ.
ಮನೆಗೆ ಬಂದಾಗಿದೆ ಎಂದು
ಅದಕ್ಕಿನ್ನೂ ಗೊತ್ತಿಲ್ಲ.

ಲವೀನಾ ಮಥಾಯಸ್ ಬಂದದ್ದು ಆ ಮಳೆಯಲ್ಲಿ,
ಮಣಿಪಾಲದಿಂದ, ಚೀಲದಲ್ಲೊಂದು ಸರ್ಕ್ಯೂಟು.
ಕೂದಲೆಳೆಯ ಬೆಸುಗೆ ಬಿಟ್ಟಿತ್ತು.
"ನಿಮ್ಮ ಕೈ ನಡುಗುವುದಿಲ್ಲವಂತೆ."
ಎಂತದ್ದು ಇದು, ಎಂದೆ.
ಗಡಿಯಾರ, ಎಂದಳು. ದಾರಿ ಹೇಳುವ ಗಡಿಯಾರ.

ಸೂರ್ಯನ ಆ ಬದಿಗೆ ಹೋದ ನೌಕೆಗೆ
ನಿಮ್ಮ ಜಿಪಿಎಸ್ ಉಂಟಾ?
ಅವೆಲ್ಲ ನಮ್ಮ ಕಡೆಗೆ ಮುಖ ಹಾಕಿ ಕೂತವು.
ನಾನೆಲ್ಲಿ ಎಂದು ಭೂಮಿಯನ್ನು ಕೇಳಿ
ಉತ್ತರ ಬರುವಾಗ ಅದು ಅಲ್ಲಿರುವುದೇ ಇಲ್ಲ.
ಅದಕ್ಕೇ ಸತ್ತ ನಕ್ಷತ್ರಗಳು.
ಇಲ್ಲಿಂದ ಕಾಪುವಿನಷ್ಟೇ ಅಗಲ,
ಸೂರ್ಯನಿಗಿಂತ ಭಾರ,
ಸೆಕೆಂಡಿಗೆ ಮೂವತ್ತು ಸುತ್ತು ಹಾಕುವುದೂ ಉಂಟು.
ಕಣ್ಣಿಗೆ ಕಾಣದ ಬೆಳಕು,
ಒಂದೊಂದಕ್ಕೂ ಒಂದೊಂದು ನಾಡಿ.

ಕಾಪುವಿನ ದೀಪಸ್ತಂಭ, ಎಂದೆ.
ಎಲ್ಲರೂ ಹಾಗೇ ಹೇಳುತ್ತಾರೆ, ನಕ್ಕಳು.
ಇದು ದೀಪ ನೋಡುವುದಲ್ಲ, ತಡ ಎಣಿಸುವುದು.
ಯಾವ ಮಿಡಿತ ಎಷ್ಟು ಹೊತ್ತಿಗೆ, ಪಟ್ಟಿ ಉಂಟು.
ತಡವಾಗಿ ಬಂತೋ, ನೌಕೆ ಅಷ್ಟು ದೂರ ಸರಿದಿದೆ,
ಬೇಗ ಬಂತೋ, ಅಷ್ಟು ಹತ್ತಿರ.
ಮೂರು ನಕ್ಷತ್ರಗಳ ತಡ ಸೇರಿದಲ್ಲಿ
ಅದಿರುವ ಜಾಗ. ಯಾರನ್ನೂ ಕೇಳುವುದು ಬೇಡ.

ಉಸಿರು ಹಿಡಿದು ಬೆಸೆದೆ.
ರಾಳದ ಹೊಗೆ. ಹೊರಗೆ ಧೋ.

ತಡ ಎಂದರೆ ನಮ್ಮ ಓಣಿಯಲ್ಲಿ ಬೇರೆ ಅರ್ಥ.
ಪದ್ದಣ್ಣನ ಬೋಟು ಎರಡು ದಿನ ತಡವಾದಾಗ
ಜಲಜಕ್ಕ ದಕ್ಕೆಗೆ ಬಂದು ಕೂತಳು.
ಗಾಳಿ ನೋಡಿದಳು.
ಐಸು ಎಷ್ಟು, ಡೀಸೆಲ್ಲು ಎಷ್ಟು, ಬೆರಳು ಮಡಚಿದಳು.
"ಗಂಗೊಳ್ಳಿಯ ಎದುರಿದ್ದಾರೆ. ಇಂಜಿನ್ ಹೋಗಿದೆ."
ಇದ್ದರು. ಹೋಗಿತ್ತು.

ಇದನ್ನು ಲವೀನಾಗೆ ಹೇಳಲಿಲ್ಲ, ಯಾಕೋ.
ಬೇಡವೆಂದರೂ ನೂರು ರೂಪಾಯಿ ಇಟ್ಟು
ಸರ್ಕ್ಯೂಟನ್ನು ಮಗುವಿನ ಹಾಗೆ
ಎದೆಗೊತ್ತಿಕೊಂಡು ಬಸ್ಸಿಗೆ ಓಡಿದಳು.

ಮಳೆ ಹೊಳವಾದ ಮೇಲೆ ಪದ್ದಣ್ಣನ ಪೆಟ್ಟಿಗೆಯನ್ನು
ಮಾಡಿನಿಂದಾಚೆ ತಂದು ಆಕಾಶಕ್ಕೆ ಹಿಡಿದೆ.
ಹುಡುಕಿತು.
ಮೋಡ, ಕಾಗೆ, ಮತ್ತೆ ಮೋಡ. ಹುಡುಕಿತು.
ಬಹಳ ಹೊತ್ತು ಆ ಹೆಸರಿಲ್ಲದ ನೀರಿನಲ್ಲೇ ಇತ್ತು.
ಆಮೇಲೆ ಒಮ್ಮೆಲೇ
ಮಲ್ಪೆ.